ಶ್ರಾವಣದ ಭಾನುವಾರ, ಮಡಿಲಲ್ಲಿ ಮೊಟ್ಟೆ

ಎರಡು ವರ್ಷದ ಹಿಂದಿನ ಶ್ರಾವಣ ಮಾಸ. ವರಮಹಾಲಕ್ಷ್ಮಿ ಹಬ್ಬ ಮುಗಿದು ಒಂದು ವಾರ ಆಗಿತ್ತೋ ಏನೋ. ಆ ಭಾನುವಾರ ನಾನು ಮಾಡಿದ ಕೆಲಸವನ್ನು ನಮ್ಮ ಅತ್ತೆಯವರು ಬದುಕಿದ್ದು ನೋಡಿದ್ದರೆ, ಸಾಯುವವರೆಗೂ ನನ್ನ ಕೈಯಲ್ಲಿ ಒಂದು ಲೋಟ ನೀರು ಮುಟ್ಟುತ್ತಿರಲಿಲ್ಲ.

ನಮ್ಮ ಮನೆ ದೊಡ್ಡನೆಕ್ಕುಂದಿ ಹತ್ತಿರ, ರಾಜಕಾಲುವೆಗೆ ಎರಡೇ ಬೀದಿ. ಯಜಮಾನರು ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮೇಲೆ ನಾವಿಬ್ಬರು. ಕೆಳಗಿನ ರೂಮಿನಲ್ಲಿ ಯಾದಗಿರಿ ಕಡೆಯ ರೇಣುಕಾ, ಅವಳ ಗಂಡ ಹನುಮಂತ. ಅವನದು ಗಾರೆ ಕೆಲಸ, ಅವಳು ಪಕ್ಕದ ಟೆಕ್ ಪಾರ್ಕಿನಲ್ಲಿ ಹೌಸ್‌ಕೀಪಿಂಗ್. ಒಳ್ಳೆ ಹುಡುಗಿ. ಮಾತು ಕಡಿಮೆ, ನಗು ಜಾಸ್ತಿ.

ನಾವು ಶುದ್ಧ ಸಸ್ಯಾಹಾರಿಗಳು. ಮೊಟ್ಟೆ ಹಾಕಿದ ಕೇಕು ಅಂತ ಗೊತ್ತಾದರೆ ತಟ್ಟೆಯನ್ನೇ ತೊಳೆದು ಬಿಸಿಲಿಗಿಡುವವಳು ನಾನು. ಅಂಥವಳ ಮನೆಯ ಮೆಟ್ಟಿಲ ಕೆಳಗೆ ಕೋಳಿ ಹೇಗೆ ಬಂತು ಅಂತ ನೀವು ಕೇಳಬಹುದು. ಅದರ ಹಿಂದಿನ ವರ್ಷ ರೇಣುಕಾಗೆ ಮೂರು ತಿಂಗಳಿಗೇ ಬಸಿರು ಇಳಿದುಹೋಗಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ದಿನವಿಡೀ ಮೆಟ್ಟಿಲ ಮೇಲೆ ಕೂತು ಗೇಟು ನೋಡುತ್ತಿದ್ದಳು. ಕರೆದರೆ ಓ ಅನ್ನುತ್ತಿರಲಿಲ್ಲ. ಅವಳ ಮನಸ್ಸು ಬೇರೆ ಕಡೆ ತಿರುಗಲಿ ಅಂತ ಅವಳ ತಾಯಿ ಊರಿಂದ ಒಂದು ಎಳೆ ಕೋಳಿ ಕಳಿಸಿಕೊಟ್ಟರು. ಹನುಮಂತ ಅದನ್ನು ಕೈಚೀಲದಲ್ಲಿ ತಂದಾಗ ನಾನು ಬೀದಿಗೆಲ್ಲ ಕೇಳೋ ಹಾಗೆ ಕೂಗಾಡಿದೆ. ಆಮೇಲೆ ರೇಣುಕಾ ಎಷ್ಟೋ ದಿನದ ಮೇಲೆ ಎದ್ದು, ಆ ಕೋಳಿಗೆ ಅಂಗೈಯಲ್ಲಿ ಜೋಳ ಹಿಡಿದು ಕೂತಿದ್ದನ್ನು ನೋಡಿದೆ. ಬಾಯಿ ಮುಚ್ಚಿಕೊಂಡು ಮೇಲೆ ಬಂದೆ.

ಆ ಕೋಳಿ ದೊಡ್ಡದಾಯಿತು, ಹಿಂದಿನ ಬೀದಿಯ ಹುಂಜದ ಜೊತೆ ಸೇರಿ ಮೊಟ್ಟೆ ಇಟ್ಟಿತು. ರೇಣುಕಾ ಮತ್ತೆ ಬಸುರಿಯಾದಳು. ಆಷಾಢದ ಕೊನೆಯಲ್ಲಿ ಕೋಳಿ ಕಾವಿಗೆ ಬಂತು. ಹತ್ತಿರ ಹೋದರೆ ಗರಿ ಉಬ್ಬಿಸಿಕೊಂಡು ಕರ್ರ್ ಅಂತ ಬೈಯುತ್ತಿತ್ತು. ಹನುಮಂತ ಕಾಂಕ್ರೀಟ್ ಹೊರುವ ಹಳೇ ಬಾಂಡ್ಲಿ ತಂದು, ಎರಡು ಇಟ್ಟಿಗೆ ಮೇಲಿಟ್ಟು, ಮರಳು ಹಾಕಿ, ಮೇಲೆ ಒಣಹುಲ್ಲು ಹಾಸಿದ. ರೇಣುಕಾ ಮರಳಿನೊಳಗೆ ಒಂದು ಮೊಳೆ, ಎರಡು ಚೂರು ಇದ್ದಿಲು ಹುದುಗಿಸಿದಳು. ಗುಡುಗಿನ ಸದ್ದಿಗೆ ಮೊಟ್ಟೆ ಕೆಡಬಾರದು ಅಂತ ಅವರ ಕಡೆ ಹಾಗೆ ಇಡುತ್ತಾರಂತೆ. ಅದರ ಮೇಲೆ ಒಂಬತ್ತು ಮೊಟ್ಟೆ ಇಟ್ಟು ಕೋಳಿಯನ್ನು ಕೂರಿಸಿದರು. ಸರಿಯಾಗಿ ಮೂರು ವಾರಕ್ಕೆ, ಅಂದರೆ ಆ ಭಾನುವಾರಕ್ಕೆ ಮರಿ.

ಆದರೆ ಊರಿನಲ್ಲಿ ಹಿರಿಯರು ಇವಳ ಐದು ತಿಂಗಳ ಕುಬಸಕ್ಕೆ ಅದೇ ಭಾನುವಾರ ಗೊತ್ತು ಮಾಡಿಬಿಟ್ಟರು. ನಮ್ಮ ಕಡೆ ಸೀಮಂತ ಅಂತೀವಲ್ಲ, ಅದೇ ಥರ. ಗಂಡ ಹೆಂಡತಿ ಇಬ್ಬರೂ ಹೋಗಲೇಬೇಕು. ಶುಕ್ರವಾರ ರೈಲಿಗೆ ಹೊರಡುವ ಮುಂಚೆ ರೇಣುಕಾ ಮೇಲೆ ಬಂದು ಬಾಗಿಲಲ್ಲೇ ನಿಂತಳು.

"ಅಕ್ಕಾರ, ನೀವೇನ್ ಮುಟ್ಟಬ್ಯಾಡ್ರಿ. ದಿನಾ ಒಂದ್ ಮುಷ್ಟಿ ಜೋಳ, ಒಂದ್ ಬಟ್ಟಲ ನೀರ್ ದೂರ ಇಟ್ ಬರ್ರಿ ಸಾಕು. ಅದ ಎದ್ ಬಂದ್ ತಿಂದ್ ಹೋಗ್ತದ."

"ಆಯ್ತು ಹೋಗೆ, ನಾನು ನೋಡ್ಕೋತೀನಿ" ಅಂದೆ.

ಅವಳು ಹೋಗಲಿಲ್ಲ. ಸೆರಗಿನ ತುದಿ ತಿರುಚುತ್ತಾ, "ಮರಿ ಆದ್ರ ಫೋನ್ ಮಾಡ್ರಿ. ಆಗ್ಲಿಲ್ಲಂದ್ರ ಮಾಡಬ್ಯಾಡ್ರಿ. ನಾ ತಿಳ್ಕೋತೀನಿ" ಅಂದಳು.

ಈ ಹುಡುಗಿ ತನ್ನ ಹೊಟ್ಟೆಯಲ್ಲಿರೋ ಮಗುವನ್ನೂ ಆ ಬಾಂಡ್ಲಿಯನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಂಡಿದ್ದಾಳೆ ಅಂತ ಗೊತ್ತಾಯಿತು. "ಹುಚ್ಚು ಹುಡುಗಿ, ಅದಕ್ಕೂ ಇದಕ್ಕೂ ಏನೇ ಸಂಬಂಧ?" ಅಂತ ಗದರಿದೆ. ನಕ್ಕಳು. ಆದರೆ ಆ ನಗು ನಂಬೋ ನಗು ಆಗಿರಲಿಲ್ಲ.

ಶನಿವಾರ ಎಲ್ಲ ಸರಿಯಾಗಿತ್ತು. ಆ ರಾತ್ರಿ ಮಳೆ ಹಿಡಿಯಿತು ನೋಡಿ, ಬೆಳಗಿನವರೆಗೂ ಬಿಡಲಿಲ್ಲ. ಬೆಳಿಗ್ಗೆ ಹಾಲು ತರಲು ಇಳಿದ ಯಜಮಾನರು ಅರ್ಧ ಮೆಟ್ಟಿಲಿಂದಲೇ ಕೂಗಿದರು. "ಲೇ, ಬಾರೆ ಇಲ್ಲಿ! ಕಾಲುವೆ ಉಕ್ಕಿದೆ!"

ಓಡಿಬಂದು ನೋಡಿದರೆ ಅಂಗಳವೇ ಇಲ್ಲ. ಕಾಫಿ ಬಣ್ಣದ ನೀರು ಗೇಟಿನ ಅರ್ಧಕ್ಕೆ ಬಂದಿದೆ. ಯಾರದೋ ಚಪ್ಪಲಿ, ಬಕೆಟ್ಟು, ತೆಂಗಿನ ಚಿಪ್ಪು ಎಲ್ಲ ತೇಲುತ್ತಿವೆ. ನನಗೆ ಮೊದಲು ನೆನಪಾದದ್ದು ಕೆಳಗಿನ ರೂಮಿನ ಹಾಸಿಗೆ, ಟಿವಿ ಅಲ್ಲ. ಆ ಬಾಂಡ್ಲಿ.

ಇವರು ಮೇನ್ ಸ್ವಿಚ್ ಆಫ್ ಮಾಡಿದರು. ನಾನು ಸೀರೆ ಎತ್ತಿ ಕಟ್ಟಿಕೊಂಡು ಇಳಿದೆ. ನೀರು ಮಂಡಿ ಹತ್ತಿರ ಬಂದಿತ್ತು, ನಾರುತ್ತಿತ್ತು. ಬಗ್ಗಿ ಮೆಟ್ಟಿಲ ಕೆಳಗೆ ನೋಡಿದೆ. ಬಾಂಡ್ಲಿಯ ಅಂಚಿಗೆ ನೀರು ಮುಟ್ಟಿತ್ತು. ಒಂದೊಂದು ಅಲೆಗೂ ಚೂರು ಚೂರು ಒಳಗೆ ಹೋಗುತ್ತಿತ್ತು. ಕೋಳಿ ಎದ್ದಿರಲಿಲ್ಲ! ಬಾಲದ ಗರಿ ನೀರಲ್ಲಿ ನೆನೆಯುತ್ತಿದೆ, ಕತ್ತು ಚಾಚಿಕೊಂಡು ಕೂತೇ ಇದೆ. ಮೇಲೆ ಹಾರಿ ಕೂರಲು ಜಾಗ ಇಲ್ಲದೆ ಏನಲ್ಲ, ಪಕ್ಕದಲ್ಲೇ ಮೆಟ್ಟಿಲಿತ್ತು. ನನಗೆ ಕಣ್ಣಲ್ಲಿ ನೀರು ಬಂದುಬಿಟ್ಟಿತು.

"ಬಾಂಡ್ಲಿ ಎತ್ತೋಣ ಇರಿ" ಅಂದೆ. ಮರಳು ನೆನೆದು ಕಲ್ಲಾಗಿತ್ತು, ಅಲ್ಲಾಡಲೇ ಇಲ್ಲ. ಕೈ ಹಾಕಿದರೆ ಕೋಳಿ ಕುಟ್ಟಿತು, ಹೆಬ್ಬೆರಳಲ್ಲಿ ರಕ್ತ. ಇವರು ಎರಡೂ ಕೈಯಲ್ಲಿ ಅದನ್ನು ಹಿಡಿಯಹೋದರು. ಅದು ಕಿರುಚಿ ರೆಕ್ಕೆ ಬಡಿದು ಹಾರಿ ಸೀದಾ ನೀರಿಗೆ ಬಿತ್ತು. "ಅಯ್ಯೋ ಹಿಡೀರೀ!" ಅಂತ ನಾನು ಕೂಗಿದೆ. ಅವರು ಹೆಗಲ ಟವಲ್ಲು ಎಸೆದು, ಹೇಗೋ ಅದನ್ನು ಬಾಚಿಕೊಂಡರು.

ಈಗ ಮೊಟ್ಟೆ. ಮೇಲೆ ಹೋಗಿ ಪಾತ್ರೆ ತರುವಷ್ಟು ಹೊತ್ತಿಲ್ಲ. ಒಂದು ಅಲೆ ಬಂದು ಹುಲ್ಲನ್ನೆಲ್ಲ ಎತ್ತಿಬಿಟ್ಟಿತು. ನಾನು ರಾಮ ರಾಮ ಅಂತ ಸೆರಗನ್ನು ಮಡಿಲು ಮಾಡಿ, ಜೀವಮಾನದಲ್ಲಿ ಮೊದಲನೇ ಸಲ ಮೊಟ್ಟೆ ಮುಟ್ಟಿದೆ.

ಬೆಚ್ಚಗಿತ್ತು. ಅದನ್ನು ನಾನು ಎಣಿಸಿರಲೇ ಇಲ್ಲ. ಅಂಗಡಿಯ ಟ್ರೇಯಲ್ಲಿ ನೋಡಿ ನೋಡಿ ಮೊಟ್ಟೆ ಅಂದರೆ ತಣ್ಣಗಿನ ವಸ್ತು ಅಂತಲೇ ನನ್ನ ತಲೆಯಲ್ಲಿತ್ತು. ಇದು ಜ್ವರ ಬಂದ ಮಗುವಿನ ಹಣೆ ಥರ ಇತ್ತು. ಒಂದೊಂದಾಗಿ ತೆಗೆದೆ. ಕೊನೆಯದು ಕೈ ಜಾರಿ ನೀರಿಗೆ ಬಿತ್ತು. ಮುಳುಗಲಿಲ್ಲ, ತೇಲುತ್ತಾ ಗೇಟಿನ ಕಡೆ ಹೊರಟಿತು. ಇವರು ಒಂದು ಕಂಕುಳಲ್ಲಿ ಕೋಳಿ ಇಟ್ಟುಕೊಂಡು ಇನ್ನೊಂದು ಕೈಯಲ್ಲಿ ಅದನ್ನು ಮೆಲ್ಲಗೆ ಎತ್ತಿಕೊಂಡು ಬಂದು ನನ್ನ ಮಡಿಲಿಗೆ ಹಾಕಿದರು.

ಮೇಲೆ ಬಂದೆವು. ಕರೆಂಟಿಲ್ಲ, ಬೀದಿಗೇ ಇಲ್ಲ. ಬಲ್ಬು ಉರಿಸಿ ಕಾವು ಕೊಡೋಣ ಅಂದ ಇವರ ಐಡಿಯಾ ಅಲ್ಲಿಗೇ ಹೋಯಿತು. ಕೋಳಿ ಒದ್ದೆ ಮುದ್ದೆಯಾಗಿ ನಡುಗುತ್ತಿದೆ, ಅದನ್ನು ಮೊಟ್ಟೆ ಮೇಲೆ ಕೂರಿಸಿದರೆ ಮೊಟ್ಟೆಯೂ ತಣ್ಣಗಾಗುತ್ತೆ. ಏನು ಮಾಡೋದು? ಬಿಸಿ ಆರದ ಹಾಗೆ ಇಡೋದು ನಾನು ದಿನಾ ಮಾಡೋ ಕೆಲಸ ತಾನೇ ಅಂತ ನನಗೊಂದು ಬುದ್ಧಿ ಹೊಳೆಯಿತು. ಚಪಾತಿಯ ಹಾಟ್ ಬಾಕ್ಸ್ ತೆಗೆದೆ. ಬಿಸಿನೀರು ಹಾಕಿ ಒಳಗೆಲ್ಲ ಬೆಚ್ಚಗೆ ಮಾಡಿ, ಚೆಲ್ಲಿ, ಒರೆಸಿ, ಮೆತ್ತನೆ ಪಂಚೆ ಮಡಿಸಿ ಹಾಸಿ ಮೊಟ್ಟೆಗಳನ್ನು ಜೋಡಿಸಿದೆ. ಇದ್ದಿಲ ಮಸಿ ಮೆತ್ತಿಕೊಂಡಿದ್ದನ್ನೂ ಒರೆಸಿದೆ. ಆಗ ಒಂದು ಮೊಟ್ಟೆಯ ಒಳಗಿಂದ ಚೀಂವ್ ಅಂತ ಸಣ್ಣ ದನಿ ಬಂತು.

"ರೀ! ಒಳಗೆ ಮಾತಾಡ್ತಿದೆ ರೀ!"

ಅವರೂ ಬಗ್ಗಿ ಕೇಳಿಸಿಕೊಂಡರು. ಇನ್ನೊಂದರಲ್ಲೂ ಬಂತು. ಅಷ್ಟು ಖುಷಿಯಾಯಿತು ನನಗೆ. ಗಟ್ಟಿಯಾಗಿ ಮುಚ್ಚಳ ಒತ್ತಿ, ತಿರುಗಿಸಿ, ಮೇಲೆ ಟರ್ಕಿ ಟವಲ್ಲು ಬೇರೆ ಸುತ್ತಿ ಕೋಳಿ ಒರೆಸಲು ಹೋದೆ.

ಇವರು ಗ್ಯಾಸ್ ಒಲೆ ಹಚ್ಚಿ, ಅದರ ಮುಂದೆ ಕೋಳಿಯನ್ನು ಮಡಿಲಲ್ಲಿ ಹಿಡಿದು ಕೂತರು. ಶ್ರಾವಣ ಮಾಸ, ನನ್ನ ಅಡುಗೆಮನೆ, ಉರಿಯೋ ಒಲೆ, ಅದರ ಮುಂದೆ ಕೋಳಿ! ಆ ಹೊತ್ತಲ್ಲಿ ಯಾರಾದರೂ ನೆಂಟರು ಬಂದಿದ್ದರೆ ಏನು ಹೇಳುತ್ತಿದ್ದೆನೋ. ಅಂಥ ಗಾಬರಿಯಲ್ಲೂ ನನಗೊಂದು ಅನುಮಾನ ಬಂತು.

"ಅಲ್ಲಾ, ನೀರಲ್ಲಿ ತೇಲಿ ಹೋಗ್ತಿದ್ದ ಮೊಟ್ಟೆನ ಅಷ್ಟು ನಾಜೂಕಾಗಿ ಎತ್ತಿದ್ರಲ್ಲ, ಮುಟ್ಟಿ ಅಭ್ಯಾಸ ಇರೋರ ಥರ?"

ಅವರು ಕೋಳಿಯ ಬೆನ್ನು ಒರೆಸುತ್ತಾ, "ನೈಟ್ ಶಿಫ್ಟಲ್ಲಿ ಕ್ಯಾಂಟೀನ್‌ನವರು ಬೇಯಿಸಿದ್ದು ಕೊಡ್ತಿದ್ರು ಕಣೆ. ಬಿಸಾಕೋಕಾಗುತ್ತಾ?" ಅಂದರು.

"ಮೂವತ್ತು ವರ್ಷ?"

"ಮೂವತ್ತು ವರ್ಷ ಎಲ್ಲಾ ದಿನಾನೂ ನೈಟ್ ಶಿಫ್ಟ್ ಇರ್ಲಿಲ್ವಲ್ಲ."

ಬೇರೆ ದಿನವಾಗಿದ್ದರೆ ಮಹಾಭಾರತ ಆಗಿರೋದು. ಇಟ್ಕೊಳ್ಳಿ, ಆಮೇಲೆ ವಿಚಾರಿಸ್ಕೋತೀನಿ ಅಂತ ಎದ್ದು ಹಾಟ್ ಬಾಕ್ಸ್ ಹತ್ತಿರ ಹೋದೆ. ಕಿವಿಯಿಟ್ಟೆ. ಸದ್ದಿಲ್ಲ. ನಿದ್ದೆ ಮಾಡ್ತಿವೆಯೇನೋ ಅಂದುಕೊಂಡೆ. ಇವರು ಅಲ್ಲಿಂದಲೇ ಕೇಳಿದರು. "ಮುಚ್ಚಳ ಹಾಕಿದೀಯಾ?"

"ಮತ್ತೆ? ಬಿಸಿ ಆರಲ್ವಾ?"

"ಅಯ್ಯೋ ಪುಣ್ಯಾತ್ಗಿತ್ತಿ, ಚಪಾತಿ ಅಂದ್ಕೊಂಡ್ಯಾ? ಉಸಿರಾಡ್ಬೇಕಲ್ವೇನೆ ಅವು!"

ಮುಚ್ಚಳ ತೆಗೆಯಲು ಹೋದರೆ ಬಿಗಿದುಕೊಂಡಿತ್ತು. ಎಳೆದು ತೆಗೆದಾಗ ಮುಖಕ್ಕೆ ಬಿಸಿ ಹಬೆ ಹೊಡೆಯಿತು. ಮೊಟ್ಟೆಗಳ ಮೇಲೆಲ್ಲ ಬೆವರಿನ ಹಾಗೆ ನೀರ ಹನಿ. ಒಂದರ ಸಿಪ್ಪೆಯಲ್ಲಿ ಸಣ್ಣ ಬಿರುಕು. ಒಂದೊಂದನ್ನೂ ಕಿವಿಗೆ ಹಿಡಿದೆ. ಒಂದೂ ಮಾತಾಡಲಿಲ್ಲ.

ಕೊಂದುಬಿಟ್ಟೆ ಅಂದುಕೊಂಡೆ. ಮಳೆ ಕೊಲ್ಲಲಿಲ್ಲ, ನೀರು ಕೊಲ್ಲಲಿಲ್ಲ, ಅಕ್ಕರೆಯಿಂದ ಮುಚ್ಚಳ ಹಾಕಿ ನಾನೇ ಕೊಂದೆ. ಆ ಹುಡುಗಿಗೆ ಏನು ಹೇಳಲಿ?

ಮತ್ತೆ ಆ ಪೆಟ್ಟಿಗೆಗೆ ಹಾಕಲು ಧೈರ್ಯ ಬರಲಿಲ್ಲ. ಗೋಡೆಗೆ ಒರಗಿ ಕೂತು, ಒಂಬತ್ತನ್ನೂ ಮಡಿಲಿಗೆ ತುಂಬಿಕೊಂಡು, ಸೀರೆ ಸರಿಸಿ ಬರೀ ಹೊಟ್ಟೆಗೆ ಒತ್ತಿಕೊಂಡೆ. ಮೇಲೆ ಶಾಲು ಹೊದ್ದೆ. ಬೆಳಗಿನ ಸ್ನಾನವಿಲ್ಲ, ದೇವರಿಗೆ ದೀಪವಿಲ್ಲ. ದೇವರಮನೆ ಎದುರಿಗೇ ಕಾಣುತ್ತಿತ್ತು. ನೀನೇ ನೋಡ್ಕೋ ತಾಯಿ, ನನ್ನ ಕೈಗೆ ಬಿಡುವಿಲ್ಲ ಅಂದೆ.

ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಕಾಲು ಜೋಮು ಹಿಡಿಯಿತು. ಕದಲಿದರೆ ಒಂದಕ್ಕೊಂದು ತಾಗಿ ಒಡೆಯುತ್ತೇನೋ ಅಂತ ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದೆ. ಅಷ್ಟರಲ್ಲಿ ಫೋನು. ರೇಣುಕಾ. ಎತ್ತಬೇಡ ಅಂತ ಇವರು ಸನ್ನೆ ಮಾಡಿದರು. ಎತ್ತದಿದ್ದರೆ ಅವಳು ಏನು ಅಂದುಕೊಳ್ಳುತ್ತಾಳೆ ಅಂತ ನನಗೆ ಗೊತ್ತಿತ್ತಲ್ಲ. ಎತ್ತಿದೆ.

"ಅಕ್ಕಾರ, ಉಡಿ ತುಂಬಿದ್ರು ಈಗ. ನಿಮ್ಮ ಆಶೀರ್ವಾದ ಬೇಕಾಗಿತ್ತು ಅಂತ ಮಾಡೀನ್ರಿ." ಹಿಂದೆ ಹೆಂಗಸರ ಹಾಡು, ಗದ್ದಲ. ಅಲ್ಲಿ ಅವಳ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಹಣ್ಣು. ಇಲ್ಲಿ ನನ್ನ ಮಡಿಲಲ್ಲಿ ಅವಳ ಒಂಬತ್ತು ಮೊಟ್ಟೆ, ಸತ್ತಿವೆಯೋ ಬದುಕಿವೆಯೋ ಗೊತ್ತಿಲ್ಲ.

"ಚೆನ್ನಾಗಿರು ಕಣೆ, ಸುಖವಾಗಿ ಹೆರಿಗೆಯಾಗಲಿ" ಅಂದೆ.

"ಹ್ಯಾಟಿ ಕುಂತದೇನ್ರೀ?" ಅಂದಳು. ಹೆಣ್ಣುಕೋಳಿಗೆ ಅವಳು ಹಾಗೇ ಅನ್ನೋದು.

ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಆ ಕೋಳಿ ಒಂದೇ ಸಮ ಅರಚಿಕೊಂಡಿತು.

"ಅಕ್ಕಾರ, ಅದ್ಯಾಕ ಹಂಗ ಒದರ್ಲಿಕ್ಕತ್ತದ? ಏನಾಯ್ತ್ರೀ?"

"ಏನೂ ಆಗಿಲ್ಲ ಕಣೆ, ನಮ್ಮ ಯಜಮಾನ್ರು ನೀರಿಡೋಕೆ ಹೋದ್ರು, ಅದಕ್ಕೆ ಬೈತಿದೆ. ಆರಾಮಾಗಿ ಕೂತಿದೆ" ಅಂದೆ. ಹಸೀ ಸುಳ್ಳು. ಫೋನಿಟ್ಟ ಮೇಲೆ ಅತ್ತುಬಿಟ್ಟೆ. ಅಳುವಾಗ ಹೊಟ್ಟೆ ಕುಲುಕುತ್ತಲ್ಲ, ಮೊಟ್ಟೆ ಒಡೆಯುತ್ತೆ ಅಂತ ಅದನ್ನೂ ತಡೆದುಕೊಂಡೆ.

ಆಗ ಹೊಕ್ಕುಳ ಪಕ್ಕದಲ್ಲಿ ಟಕ್ ಅಂತು.

ಮೊದಲು ನನ್ನ ಹೊಟ್ಟೆಯದೇ ಏನೋ ಅಂದುಕೊಂಡೆ. ಮತ್ತೆ ಟಕ್. ಸ್ವಲ್ಪ ಬಿಟ್ಟು ಟಕ್, ಟಕ್. ಇಬ್ಬರು ಹೆಣ್ಣುಮಕ್ಕಳನ್ನು ಹೆತ್ತವಳು ನಾನು, ಅವರು ಒದ್ದದ್ದು ಒಳಗಿಂದ. ಇದು ಹೊರಗಿಂದ ಬಾಗಿಲು ಬಡಿದ ಹಾಗಿತ್ತು. ಕೈ ಬೀಸಿ ಇವರನ್ನು ಕರೆದೆ. ಅವರು ಓಡಿಬಂದು ನನ್ನ ಮುಖ ನೋಡಿ ಹೆದರಿದರು. "ಬದುಕಿದೆ ರೀ" ಅಂದೆ.

ಆದರೆ ನನ್ನ ಹೊಟ್ಟೆ ಕೋಳಿಯಾಗುತ್ತಾ? ಅವಕ್ಕೆ ಅವರಮ್ಮ ಬೇಕು. ಕೋಳಿ ಅಷ್ಟೊತ್ತಿಗೆ ಒಣಗಿತ್ತು. ಬಚ್ಚಲುಮನೆಯ ಮೂಲೆಯಲ್ಲಿ ಅಗಲದ ಪ್ಲಾಸ್ಟಿಕ್ ಟಬ್ಬಿಗೆ ಇವರ ಹಳೇ ಸ್ವೆಟರ್ ಹಾಸಿ, ಮೊಟ್ಟೆ ಇಟ್ಟು, ಕೋಳಿಯನ್ನು ಒಳಗೆ ಬಿಟ್ಟೆವು. ಅದು ಟಬ್ಬಿನ ಕಡೆ ತಿರುಗಿಯೂ ನೋಡಲಿಲ್ಲ. ಗೋಡೆಗೆ ಅಂಟಿಕೊಂಡು ನಿಂತಿತು. ಬಾಗಿಲ ಸಂದಿಯಿಂದ ನಾವಿಬ್ಬರೂ ಇಣುಕುತ್ತಿದ್ದೆವು. ಒಂದು ಕಡೆ ಮೊಟ್ಟೆ ತಣ್ಣಗಾಗುತ್ತಿವೆ, ಇನ್ನೊಂದು ಕಡೆ ಇದು ನನಗೆ ಗೊತ್ತೇ ಇಲ್ಲ ಅನ್ನೋ ಥರ ನಿಂತಿದೆ. ನನಗೆ ಸಿಟ್ಟು ಬಂತು. "ನೀರಲ್ಲಿ ಮುಳುಗ್ತಾ ಇದ್ದಾಗ ಬಿಡ್ಲಿಲ್ಲ, ಈಗೇನೇ ನಿಂಗೆ ಬಂದಿರೋದು? ಹೋಗೇ!" ಅಂತ ಪಿಸುಗುಟ್ಟಿದೆ.

ನಾನು ಹೇಳಿದ್ದಕ್ಕಲ್ಲ, ಟಬ್ಬಿನಿಂದ ಚೀಂವ್ ಅಂತು. ಕೋಳಿ ಕತ್ತು ಓರೆ ಮಾಡಿತು. ಮತ್ತೆ ಚೀಂವ್. ಕೋಳಿಯ ಗಂಟಲಿಂದ ನಾನು ಅದುವರೆಗೂ ಕೇಳದ ಒಂದು ಮೆದು ದನಿ ಹೊರಟಿತು, ಕ್ಲಕ್ ಕ್ಲಕ್ ಅಂತ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ ಇಟ್ಟು ಟಬ್ಬಿನ ಅಂಚಿಗೆ ಹಾರಿ, ಒಳಗಿಳಿದು, ಕೊಕ್ಕಿನಿಂದ ಒಂದೊಂದೇ ಮೊಟ್ಟೆಯನ್ನು ಹೊಟ್ಟೆಯ ಕೆಳಗೆ ಎಳೆದುಕೊಂಡಿತು. ಇವರು ನನ್ನ ಹೆಗಲ ಮೇಲೆ ಕೈಯಿಟ್ಟರು. ಇಬ್ಬರೂ ಬೆಳಗಿನಿಂದ ಕಾಫಿ ಕುಡಿದಿರಲಿಲ್ಲ ಅಂತ ಆಗ ನೆನಪಾಯಿತು.

ಮಾರನೆ ಬೆಳಿಗ್ಗೆ ಆರು ಮರಿ. ಒಂದು ಅರ್ಧ ಸಿಪ್ಪೆಯಲ್ಲೇ ಹೋಗಿತ್ತು, ಎರಡು ಒಡೆಯಲೇ ಇಲ್ಲ. ನೀರು ಕುಡಿದು ಸತ್ತವೋ, ನನ್ನ ಮುಚ್ಚಳಕ್ಕೆ ಸತ್ತವೋ, ಅದು ಆ ದೇವರಿಗೇ ಗೊತ್ತು. ರೇಣುಕಾಗೆ ಫೋನು ಮಾಡಿ ಎಲ್ಲ ಹೇಳಿದೆ, ಸುಳ್ಳು ಹೇಳಿದ್ದನ್ನೂ. ಅವಳು ಗೊಳೋ ಅಂತ ಅತ್ತು, ಅಳುತ್ತಲೇ ನಕ್ಕು, "ಹಂಗಾರ ನೀವೂ ಬಾಣಂತಿ ಆದ್ರಿ ಅಕ್ಕಾರ!" ಅಂದಳು.

ಆ ಚಳಿಗಾಲದಲ್ಲಿ ಅವಳಿಗೆ ಇಲ್ಲೇ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣುಮಗು. ಬಾಣಂತನಕ್ಕೆ ಊರಿಂದ ಅವಳ ತಾಯಿ ಬಂದಿದ್ದರು. ಹುಡುಗಿ ಬಿಳುಚಿಕೊಂಡಿದ್ದಳು, ಹಾಲು ಸಾಲುತ್ತಿರಲಿಲ್ಲ. ಒಂದು ಬೆಳಿಗ್ಗೆ ಆ ತಾಯಿ ಮೇಲೆ ಬಂದು ಹೊಸ್ತಿಲ ಹೊರಗೆ ನಿಂತರು. ಆಗ ಅಂಗಳದಲ್ಲಿ ನಮ್ಮ ಆರು ಮರಿಗಳೂ ದೊಡ್ಡವಾಗಿ, ಎರಡು ಹುಂಜ ಕೂಗುವುದನ್ನು ಕಲಿಯುತ್ತಿದ್ದವು.

"ಬಾಣಂತಿಗಿ ನಾಟಿಕೋಳಿ ಸಾರು ಮಾಡಿ ಕೊಡಬೇಕ್ರೀ" ಅಂದರು. "ಮನ್ಯಾಗೇ ಅದಾವ. ಆದ್ರ ನೀವು ಹೊಟ್ಟಿಗಿ ಕಟ್ಕೊಂಡು ಉಳಿಸಿದವು. ನಿಮ್ಮನ್ನ ಕೇಳದ ಹೆಂಗ ಕೊಯ್ಯಲ್ರಿ? ಬ್ಯಾಡ ಅಂದ್ರ ಬ್ಯಾಡ. ಹೊರಗಿಂದ ತರ್ತಾನ ಹನಮಂತ."

ಬೇಡ ಅನ್ನಬಹುದಿತ್ತು. ನಾಲಗೆ ತುದಿಗೆ ಬಂದಿತ್ತು. ಕೆಳಗೆ ಮಗು ಹಸಿದು ಅಳುತ್ತಿದ್ದುದು ಕೇಳುತ್ತಿತ್ತು.

"ತಗೊಳ್ಳಿ ಅಮ್ಮಾ" ಅಂದೆ. "ಯಾವುದು ಅಂತ ಮಾತ್ರ ನನಗೆ ಹೇಳಬೇಡಿ."

ಒಳಗೆ ಹೋಗಿ ಮಿಕ್ಸಿ ಹಾಕಿದೆ. ಜಾರಿನಲ್ಲಿ ಏನೂ ಇರಲಿಲ್ಲ. ಇವರು ಬಂದು ಸ್ವಿಚ್ ಆಫ್ ಮಾಡಿ "ಮುಗೀತು ಕಣೆ" ಅನ್ನುವವರೆಗೂ ಅದು ತಿರುಗುತ್ತಲೇ ಇತ್ತು.

ಈಗ ಆ ಮಗುವಿಗೆ ಎರಡು ವರ್ಷ ತುಂಬುತ್ತಾ ಬಂತು. ಮೆಟ್ಟಿಲು ಹತ್ತಿ ಬಂದು ನನ್ನ ಅಡುಗೆಮನೆಯಲ್ಲಿ ಡಬ್ಬಿಗಳನ್ನೆಲ್ಲ ಉರುಳಿಸುತ್ತೆ. ಅವತ್ತು ನನ್ನ ಹೊಟ್ಟೆಗೆ ಕುಟ್ಟಿದ್ದು ಯಾವ ಮರಿಯೋ, ಸಾರಾಗಿದ್ದು ಯಾವುದೋ, ನನಗೆ ಗೊತ್ತಿಲ್ಲ. ಉಳಿಸಿದ್ದಕ್ಕೆ ನನಗೆ ಹೆಮ್ಮೆ ಇದೆ, ಕೊಟ್ಟಿದ್ದಕ್ಕೆ ಪಶ್ಚಾತ್ತಾಪ ಇಲ್ಲ. ಆದರೂ ಮಗು ಆಟಕ್ಕೆ ಬಂದು ನನ್ನ ಹೊಟ್ಟೆಗೆ ತಲೆ ಗುದ್ದಿದಾಗಲೆಲ್ಲ, ನಗುತ್ತಾ ನಗುತ್ತಾ ನನಗೆ ಅಳು ಬರುತ್ತೆ.